ಒಣಗದ ಕಾಗದ, ಬೂಷ್ಟು ಹಿಡಿದ ಫ್ರೇಮ್: ಜಲವರ್ಣಕ್ಕೊಂದು ಕಾಸರಗೋಡಿನ ಪಂಚಾಂಗ

ಪ್ರಶ್ನೆ: ಬದಿಯಡ್ಕ ಸಮೀಪದ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಚಿತ್ರಕಲಾ ಅಧ್ಯಾಪಕಿಯಾಗಿದ್ದೇನೆ. ಬಿಡುವಿನಲ್ಲಿ ಜಲವರ್ಣ ಮಾಡುತ್ತೇನೆ, ಶನಿವಾರ ಮನೆಯ ಚಾವಡಿಯಲ್ಲಿ ಹನ್ನೆರಡು ಮಕ್ಕಳಿಗೆ ಕಲಿಸುತ್ತೇನೆ. ಜೂನ್ ಬಂತೆಂದರೆ ವಾಶ್ (ನೀರು ಬೆರೆಸಿದ ತೆಳು ಬಣ್ಣದ ಪದರ) ಒಣಗುವುದಿಲ್ಲ, ಎರಡನೇ ಪದರ ಹಾಕಿದರೆ ಕಲೆ ಏಳುತ್ತದೆ. ದುಬಾರಿ ಕಾಗದವೂ ಈಚೆಗೆ ಬಣ್ಣವನ್ನು ಚುಕ್ಕಿಚುಕ್ಕಿಯಾಗಿ ಹೀರಿಕೊಳ್ಳುತ್ತಿದೆ. ಫ್ರೇಮ್ ಹಾಕಿಸಿದ್ದ ಎರಡು ಚಿತ್ರಗಳಿಗೆ ಗಾಜಿನ ಒಳಗೇ ಬೂಷ್ಟು ಬಂದಿದೆ. ಡಿಸೆಂಬರಿನಲ್ಲಿ ಇಪ್ಪತ್ತು ಚಿತ್ರಗಳ ಪ್ರದರ್ಶನ ಇಡಬೇಕೆಂದಿದೆ. ಎಲ್ಲಿಂದ ಸುರು ಮಾಡಲಿ?

ಉತ್ತರ: ಟೀಚರೇ, ನೀವು ಹೇಳಿದ ತೊಂದರೆ ಹಲವು, ಕಾರಣ ಮಾತ್ರ ಒಂದೇ: ಪಸೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಗಾಳಿಯೇ ನೀರು ತುಂಬಿಕೊಂಡಿರುವಾಗ ಕಾಗದದ ನೀರು ಹೋಗುವುದೆಲ್ಲಿಗೆ? ‘ಹತ್ತು ನಿಮಿಷ ಒಣಗಲು ಬಿಡಿ’ ಎಂದು ವಿಡಿಯೊಗಳಲ್ಲಿ ಹೇಳುವವರು ಒಣಹವೆಯಲ್ಲಿ ಕೂತು ಹೇಳುತ್ತಾರೆ. ಆಟಿ ತಿಂಗಳ (ಜುಲೈ-ಆಗಸ್ಟ್) ಜಡಿಮಳೆಯಲ್ಲಿ ಅದೇ ವಾಶ್‌ಗೆ ಮುಕ್ಕಾಲು ಗಂಟೆ, ದಪ್ಪ ಕಾಗದವಾದರೆ ಇನ್ನೂ ಹೆಚ್ಚು ಬೇಕಾದೀತು. ಕೈ ಎಷ್ಟು ಪಳಗಿದರೂ ಇದನ್ನು ಗೆಲ್ಲಲಾಗದು. ಬದಲಿಸಬೇಕಾದ್ದು ಕೆಲಸದ ಹೊತ್ತನ್ನು. ಯಾವುದನ್ನು ಯಾವ ತಿಂಗಳಲ್ಲಿ, ದಿನದ ಯಾವ ವೇಳೆಯಲ್ಲಿ ಮಾಡುವುದೆಂದು ಪಸೆ ನೋಡಿ ಗೊತ್ತುಮಾಡಿಕೊಳ್ಳಿ.

ದಿನದ ಲೆಕ್ಕ ಮೊದಲು. ಗಾಳಿಯ ತೇವ ಬೆಳಗಿನ ಜಾವ ಅತಿ ಹೆಚ್ಚು, ಮಧ್ಯಾಹ್ನದ ಮೇಲೆ ಕಡಿಮೆ. ಶಾಲೆಗೆ ಹೋಗುವವರಿಗೆ ಇದು ಅನುಕೂಲವೇ. ಬೆಳಗ್ಗೆ ಆರೂವರೆಗೆ ಕೂತು ಮೊದಲ ವಾಶ್ ಮಾತ್ರ ಹಾಕಿ: ಆಕಾಶ, ದೂರದ ಗುಡ್ಡ, ತೋಟದ ತಿಳಿಹಸಿರು. ಒದ್ದೆಯ ಮೇಲೆ ಒದ್ದೆ ಮಾಡುವ ಕೆಲಸಕ್ಕೆ ನಿಧಾನವಾಗಿ ಒಣಗುವ ಕಾಗದವೇ ಬೇಕು; ಮಳೆಮೋಡದ ಅಂಚು ಮೆತ್ತಗೆ ಬರಬೇಕಾದರೆ ಜುಲೈಯಷ್ಟು ಒಳ್ಳೆಯ ತಿಂಗಳು ಬೇರೆ ಇಲ್ಲ. ಬೋರ್ಡನ್ನು ಮಟ್ಟಸವಾಗಿ ಮಲಗಿಸಿಟ್ಟು ಶಾಲೆಗೆ ಹೋಗಿ. ಓರೆಯಾಗಿ ಬಿಟ್ಟರೆ ಕೆಳಗಂಚಿನಲ್ಲಿ ನಿಂತ ನೀರು ಎಲ್ಲಕ್ಕಿಂತ ಕೊನೆಗೆ ಒಣಗುತ್ತದೆ, ಅದೇ ಹಿಂದಕ್ಕೆ ಹರಿದು ಕಲೆ ಮಾಡುತ್ತದೆ. ಸಂಜೆ ನಾಲ್ಕೂವರೆಗೆ ಬರುವಾಗ ಕಾಗದ ಒಣಗಿರುತ್ತದೆ, ಆಗ ಎರಡನೇ ಪದರ. ಮಳೆಗಾಲದಲ್ಲಿ ದಿನಕ್ಕೆ ಎರಡೇ ಪದರ ಎಂದು ನಿಯಮ ಮಾಡಿಕೊಳ್ಳಿ; ಮೂರನೆಯದಕ್ಕೆ ಆಸೆಪಟ್ಟಲ್ಲಿ ಚಿತ್ರ ಕೆಡುತ್ತದೆ. ಎರಡು ಮೂರು ಚಿತ್ರಗಳನ್ನು ಒಟ್ಟಿಗೆ ನಡೆಸಿಕೊಂಡು ಹೋದರೆ ಕೈ ಖಾಲಿ ಕೂರುವುದಿಲ್ಲ.

ಕಾಗದ ಒಣಗಿದೆಯೇ ಎಂದು ಕಣ್ಣಿನಿಂದ ನಿರ್ಧರಿಸಬೇಡಿ. ಮೇಲಿನ ಹೊಳಪು ಹೋದ ಮೇಲೂ ಒಳಗೆ ನೀರಿರುತ್ತದೆ. ಅಂಗೈಯ ಹಿಂಭಾಗವನ್ನು ಕಾಗದಕ್ಕೆ ಮುಟ್ಟಿಸಿ. ತಣ್ಣಗಿದ್ದರೆ ಇನ್ನೂ ಒದ್ದೆ. ನೀವು ಹೇಳುವ ಕಲೆ ಏಳುವುದು ಈ ನಡುವಿನ ಹೊತ್ತಿನಲ್ಲಿಯೇ: ಹೊಳಪು ಹೋಗಿದೆ, ತೇವ ಇದೆ, ಅಲ್ಲಿಗೆ ಕುಂಚದಲ್ಲಿ ಹೆಚ್ಚು ನೀರು ತಂದರೆ ಆ ನೀರು ಅರ್ಧ ಒಣಗಿದ ಬಣ್ಣವನ್ನು ತಳ್ಳಿಕೊಂಡು ಹೋಗಿ ಗರಿಗರಿ ಅಂಚು ಮಾಡುತ್ತದೆ. ಆ ಹಂತದಲ್ಲಿ ಬಣ್ಣ ಹಾಕಲೇಬೇಕೆಂದಿದ್ದರೆ ಕುಂಚ ಕಾಗದಕ್ಕಿಂತ ಒಣಗಿರಬೇಕು, ಬಣ್ಣ ದಪ್ಪವಿರಬೇಕು. ಹೇರ್ ಡ್ರೈಯರ್ ಹಿಡಿಯುವುದಾದರೆ ಹೊಳಪು ಪೂರ್ತಿ ಹೋದ ಮೇಲೆ, ಒಂದಡಿ ದೂರದಿಂದ, ಕಡಿಮೆ ಬಿಸಿಯಲ್ಲಿ. ನೀರು ಹೊಳೆಯುತ್ತಿರುವಾಗಲೇ ಹಿಡಿದರೆ ಗಾಳಿ ಬಣ್ಣವನ್ನು ಬದಿಗೆ ಓಡಿಸುತ್ತದೆ, ಬಣ್ಣದ ಕಣಗಳು ತರಿತರಿಯಾಗಿ ಕೂರುವ ಗ್ರಾನ್ಯುಲೇಶನ್ ಸಿಗುವುದೇ ಇಲ್ಲ. ಮುಗಿಸಿದ ಮೇಲೆ ಕಾಗದದ ಬಿಸಿ ಆರಲು ಐದು ನಿಮಿಷ ಬಿಡಿ.

ಇನ್ನು ಕಾಗದ. ಚುಕ್ಕಿಚುಕ್ಕಿಯಾಗಿ ಹೀರುವುದು ಎಂದರೆ ಅದರ ಸೈಜಿಂಗ್ ಹೋಗಿದೆ ಎಂದೇ ಅರ್ಥ. ಒಳ್ಳೆಯ ಕಾಟನ್ ಕಾಗದದ ಮೇಲೆ ಜೆಲಟಿನ್ ಅಥವಾ ಅಂಥದೇ ಲೇಪ ಇರುತ್ತದೆ. ಬಣ್ಣ ನೂಲಿನೊಳಗೆ ಇಳಿಯದೆ ಮೇಲೆ ನಿಲ್ಲುವುದು ಅದರಿಂದ. ಪಸೆ ಕುಡಿದ ಕಾಗದದಲ್ಲಿ ಆ ಲೇಪ ಅಲ್ಲಲ್ಲಿ ಕೊಳೆಯುತ್ತದೆ. ಕಣ್ಣಿಗೆ ಏನೂ ಕಾಣದು, ವಾಶ್ ಎಳೆದಾಗಲೇ ಗೊತ್ತಾಗುವುದು. ಹಾಗಾಗಿ ಪೆನ್ಸಿಲ್ ಮುಟ್ಟಿಸುವ ಮೊದಲೇ ಪ್ರತಿ ಹಾಳೆಯ ಒಂದು ಮೂಲೆಯಲ್ಲಿ, ಮೌಂಟ್ (ಫ್ರೇಮಿನೊಳಗೆ ಚಿತ್ರದ ಸುತ್ತ ಬರುವ ರಟ್ಟು) ಮುಚ್ಚುವ ಜಾಗದಲ್ಲಿ, ತೆಳು ಅಲ್ಟ್ರಾಮರೀನ್ ನೀಲಿಯ ಒಂದು ಗೀಟು ಎಳೆಯಿರಿ. ಸಮನಾಗಿ ನಿಂತರೆ ಹಾಳೆ ಸರಿ. ಕಡುಚುಕ್ಕಿ ಎದ್ದರೆ ಅದರಲ್ಲಿ ಆಕಾಶ ಬರೆಯಬೇಡಿ. ಗವಾಶ್‌ಗೆ (ದಪ್ಪವಾಗಿ ಬಳಿಯುವ, ಕೆಳಗಿನದು ಕಾಣದ ಜಲವರ್ಣ), ಇಂಕ್ ರೇಖೆಗೆ, ಮಕ್ಕಳ ಅಭ್ಯಾಸಕ್ಕೆ ಇಟ್ಟುಕೊಳ್ಳಿ. ಫ್ಯಾಬ್ರಿಯಾನೊ, ಆರ್ಶ್ ಎಂದು ಹೆಸರು ನೋಡಿ ನಂಬುವಂತಿಲ್ಲ. ಅಂಗಡಿಯ ಗೋದಾಮಿನಲ್ಲಿ ಒಂದು ಮಳೆಗಾಲ ಕಳೆದ ಕಾಗದ ಯಾವ ಕಂಪನಿಯದಾದರೂ ಅಷ್ಟೇ.

ಕೆಟ್ಟ ಹಾಳೆ ಹತ್ತಿಪ್ಪತ್ತು ಇದ್ದರೆ ಮತ್ತೆ ಸೈಜ್ ಮಾಡಬಹುದು. ಅದಕ್ಕೆ ಫೆಬ್ರವರಿ, ಮಾರ್ಚಿನ ಬಿಸಿಲು ಬೇಕು, ಮಳೆಗಾಲದಲ್ಲಿ ಮಾಡಿದರೆ ಬೂಷ್ಟಿಗೆ ಊಟ ಹಾಕಿದಂತೆ. ಒಂದು ಲೀಟರ್ ನೀರಿಗೆ 20 ಗ್ರಾಂ ಜೆಲಟಿನ್: ಮೊದಲು ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಸಿ, ನಂತರ ಬೆಚ್ಚಗೆ ಮಾಡಿ ಕರಗಿಸಿ. ಕುದಿಸಬಾರದು, ಕುದಿದರೆ ಅಂಟುಗುಣ ಕುಗ್ಗುತ್ತದೆ. ಅಗಲ ಕುಂಚದಲ್ಲಿ ಎರಡೂ ಬದಿಗೆ ಸವರಿ, ಹಗ್ಗಕ್ಕೆ ಕ್ಲಿಪ್ ಹಾಕಿ ನೆರಳಿನಲ್ಲಿ ಒಣಗಿಸಿ. ಪಾತ್ರೆ ಬೇರೆಯೇ ಇಟ್ಟುಕೊಳ್ಳಿ. ಜೆಲಟಿನ್ ಪ್ರಾಣಿಮೂಲದ್ದು, ನಮ್ಮ ಕಡೆಯ ಎಷ್ಟೋ ಅಡುಗೆಮನೆಗಳಲ್ಲಿ ಅದು ದೊಡ್ಡ ಜಗಳಕ್ಕೇ ಕಾರಣವಾದೀತು.

ಹೊಸ ಕಾಗದವನ್ನು ದೀಪಾವಳಿಯ ನಂತರ ಕೊಳ್ಳಿ, ಮೇ ಕೊನೆಯೊಳಗೆ ಮುಗಿಯುವಷ್ಟೇ ಕೊಳ್ಳಿ. ಉಳಿದದ್ದನ್ನು ಪತ್ತನಾಜೆಯ (ಮೇ ಕೊನೆಯ ವಾರ) ಮೊದಲೇ, ಬಿಸಿಲು ಚೆನ್ನಾಗಿರುವ ಮಧ್ಯಾಹ್ನವೊಂದರಲ್ಲಿ, ದಪ್ಪ ಪಾಲಿಥೀನ್ ಚೀಲಕ್ಕೆ ಹಾಕಿ ಪಸೆ ಹೀರುವ ಸಿಲಿಕಾ ಜೆಲ್ ಕಾಳು ಇಟ್ಟು ಅಂಟಿಸಿ. ಹಾಫ್ ಶೀಟ್ (15×22 ಇಂಚಿನ ಹಾಳೆ) 20 ಹಿಡಿಯುವ ಚೀಲಕ್ಕೆ 100 ಗ್ರಾಂ ಸಾಕು. ಬಣ್ಣ ಬದಲಾಗುವ ಕಾಳು ತನ್ನಿ. ಬಣ್ಣ ತಿರುಗಿದಾಗ ಓವನ್‌ನಲ್ಲಿ 120 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟರೆ ಮತ್ತೆ ಬಳಕೆಗೆ ಬರುತ್ತದೆ. ಒದ್ದೆಹವೆಯ ದಿನ ಚೀಲ ಕಟ್ಟಿದರೆ ಪಸೆಯನ್ನೇ ಒಳಗೆ ಕೂಡಿಹಾಕಿದ ಹಾಗಾಯಿತು. ಹಾಳೆಗಳನ್ನು ನೆಲಮಟ್ಟದಲ್ಲಿ, ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲು) ಗೋಡೆ ಮಳೆನೀರು ಕುಡಿಯುತ್ತದೆ, ಗಿಲಾವು ಇದ್ದರೂ ಒಳಗೆ ತಂಪು ಬಿಡುತ್ತದೆ. ಮನೆಯ ಒಳಗೋಡೆಯ ಬದಿಗೆ, ಎದೆಯೆತ್ತರದಲ್ಲಿ ಇರಲಿ.

ಬಣ್ಣಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ಟ್ಯೂಬಿನ ಹಿಂದೆ ಪಿಗ್ಮೆಂಟ್ ಸಂಕೇತ ಇರುತ್ತದೆ, ಹೆಸರಿನ ಬದಲು ಅದನ್ನು ಓದಿ. ಮಾರುವ ಚಿತ್ರದಲ್ಲಿ ಪಿಆರ್ 83, ಅಂದರೆ ಹಳೆಯ ಅಲಿಜರಿನ್ ಕ್ರಿಮ್ಸನ್, ಬೇಡ, ಬೆಳಕಿಗೆ ಮಾಸುತ್ತದೆ. ಅದರ ಬದಲು ಪಿವಿ 19ರ ಗುಲಾಬಿಗೆಂಪು. ಸಂಶಯವಿರುವ ಬಣ್ಣದ ಪಟ್ಟಿ ಬಳಿದು, ಅರ್ಧಕ್ಕೆ ಕಪ್ಪು ಕಾಗದ ಮುಚ್ಚಿ, ಮಾರ್ಚ್‌ನಿಂದ ಮೇವರೆಗೆ ಪಡುದಿಕ್ಕಿನ ಕಿಟಕಿಗೆ ಅಂಟಿಸಿಟ್ಟರೆ ಉತ್ತರ ಅಲ್ಲೇ ಸಿಗುತ್ತದೆ. ಜೇನು ಬೆರೆಸಿದ ಬಣ್ಣಗಳು ಮಳೆಗಾಲದಲ್ಲಿ ಪ್ಯಾಲೆಟ್‌ನಲ್ಲಿ ಗಟ್ಟಿಯಾಗುವುದೇ ಇಲ್ಲ. ಪ್ಯಾಲೆಟ್ ಒದ್ದೆಯಿರುವಾಗ ಮುಚ್ಚಬೇಡಿ, ರಾತ್ರಿ ಫ್ಯಾನಿನ ಕೆಳಗೆ ತೆರೆದಿಡಿ. ನೀರು ಬೋರ್‌ವೆಲ್‌ದಾಗಿದ್ದು ಬಕೆಟಿನಲ್ಲಿ ಕೆಂಪು ಗಸಿ ಕೂರುತ್ತಿದ್ದರೆ ಅದು ಕಬ್ಬಿಣ, ತಿಳಿವಾಶ್‌ನಲ್ಲಿ ಹಳದಿ ಛಾಯೆ ಬಿಡುತ್ತದೆ. ಕುಡಿಯಲು ಸೋಸಿದ ನೀರನ್ನೇ ಬಳಸಿ.

ನಮ್ಮ ಕಡೆಯವರ ಚಿತ್ರಗಳಲ್ಲಿ ಪದೇ ಪದೇ ಸೋಲುವ ಒಂದು ಸಂಗತಿ ಮುರಕಲ್ಲು, ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬೇಕಲ ಕೋಟೆಯ ಗೋಡೆಯಾಗಲಿ ತೋಟದ ಬದಿಯ ಕಟ್ಟವಾಗಲಿ, ಬರ್ನ್ಟ್ ಸಿಯೆನ್ನಾ ಒಂದನ್ನೇ ಬಳಿದರೆ ಇಟ್ಟಿಗೆಯಂತೆ ಕಾಣುತ್ತದೆ. ಹೊಸದಾಗಿ ಕಡಿದ ಕಲ್ಲಿನಲ್ಲಿ ಹಳದಿ, ಕಿತ್ತಳೆ, ಕೆಂಪು ಮಚ್ಚೆಗಳು ಬೆರೆತಿರುತ್ತವೆ. ಗಾಳಿ ತಾಗಿದಂತೆ ಕಲ್ಲು ಗಟ್ಟಿಯಾಗುತ್ತದೆ, ಕಪ್ಪೂ ಆಗುತ್ತದೆ. ಮೊದಲ ಪದರಕ್ಕೆ ಯೆಲ್ಲೊ ಓಕರ್ (ಪಿವೈ 42) ಮತ್ತು ಪಿವಿ 19 ಎರಡನ್ನೂ ಪ್ಯಾಲೆಟ್‌ನಲ್ಲಿ ಬೆರೆಸದೆ ಒದ್ದೆ ಕಾಗದದ ಮೇಲೇ ಅಕ್ಕಪಕ್ಕ ಬಿಡಿ, ಅಲ್ಲೇ ಕೂಡಿಕೊಳ್ಳಲಿ. ಪೂರ್ತಿ ಒಣಗಿದ ಮೇಲೆ ಬರ್ನ್ಟ್ ಸಿಯೆನ್ನಾಗೆ (ಪಿಬಿಆರ್ 7) ಚಿಟಿಕೆಯಷ್ಟು ಲೈಟ್ ರೆಡ್ ಸೇರಿಸಿ ಕಲ್ಲುಗಳನ್ನು ಒಂದೊಂದಾಗಿ ಎಬ್ಬಿಸಿ; ಎಲ್ಲ ಕಲ್ಲಿಗೂ ಗೀಟು ಹಾಕಬೇಡಿ, ನಾಲ್ಕರಲ್ಲಿ ಒಂದಕ್ಕೆ ಅಂಚು ಇದ್ದರೆ ಉಳಿದ ಮೂರನ್ನು ಕಣ್ಣೇ ತುಂಬಿಕೊಳ್ಳುತ್ತದೆ. ತೂತುಗಳಿಗೆ ಒಣಕುಂಚವನ್ನು ಮಲಗಿಸಿ ಎಳೆಯಿರಿ, ರಫ್ ಕಾಗದವಾದರೆ ಅದರ ಉಬ್ಬುತಗ್ಗೇ ಆ ಕೆಲಸ ಮಾಡುತ್ತದೆ. ನೆರಳಿಗೆ ಕಪ್ಪು ಬಣ್ಣ ಬೇಡ. ಅಲ್ಟ್ರಾಮರೀನ್ (ಪಿಬಿ 29) ಮತ್ತು ಬರ್ನ್ಟ್ ಸಿಯೆನ್ನಾ ಸಮಸಮ ಬೆರೆಸಿದರೆ ಬೆಚ್ಚನೆಯ ಬೂದು ಬರುತ್ತದೆ, ಅದನ್ನು ಒಂದೇ ಸಲಕ್ಕೆ ಎಳೆದು ಬಿಟ್ಟುಬಿಡಿ; ತಿಕ್ಕಿದರೆ ಕೆಳಗಿನ ಓಕರ್ ಎದ್ದು ಕೆಸರಾಗುತ್ತದೆ. ಮಳೆಗೆ ನೆನೆದ ಗೋಡೆಯಾದರೆ ಈ ಬೂದುಬಣ್ಣಕ್ಕೆ ಇನ್ನಷ್ಟು ಗುಲಾಬಿಗೆಂಪು, ಮೇಲಂಚಿನಿಂದ ಕೆಳಗೆ ಪಾಚಿಯ ಕಪ್ಪುಹಸಿರು ಇಳಿಜಾರು ಗೆರೆಗಳು.

ಕಲ್ಲಿನ ತರಿ ಬರಲೆಂದು ಕೆಲವರು ಒದ್ದೆ ವಾಶ್ ಮೇಲೆ ಉಪ್ಪು ಚಿಮುಕಿಸುತ್ತಾರೆ. ಕರಾವಳಿಯಲ್ಲಿ ಅದು ಬೇಡ. ಕಾಗದ ಬೇಗ ಒಣಗದಿದ್ದರೆ ನಕ್ಷೆ ಸರಿಯಾಗಿ ಬರುವುದಿಲ್ಲ, ಅಂಟಿ ಉಳಿದ ಉಪ್ಪು ಗಾಳಿಯ ಪಸೆಯನ್ನು ವರ್ಷವಿಡೀ ಚಿತ್ರದೊಳಕ್ಕೆ ಎಳೆಯುತ್ತದೆ.

ಹೊರಗೆ ಕೂತು ಬರೆಯಲು ಅಕ್ಟೋಬರ್ ನಂತರ ಹೊರಡಿ. ತುಲಾಮಾಸದ ಮಳೆ ಸಾಧಾರಣ ಮಧ್ಯಾಹ್ನ ದಾಟಿದ ಮೇಲೆ ಗುಡುಗಿಕೊಂಡು ಬರುವುದರಿಂದ ಬೆಳಗ್ಗೆ ಧೈರ್ಯವಾಗಿ ಕೂರಬಹುದು. ಚಂದ್ರಗಿರಿ ಹೊಳೆಯ ದಂಡೆ, ಅನಂತಪುರದ ಕೆರೆ ದೇವಸ್ಥಾನದ ಸುತ್ತಿನ ಪದವು (ಗುಡ್ಡದ ಮೇಲಿನ ಬಯಲು), ಬೇಕಲ, ಇವು ನಿಮಗೆ ಒಂದು ದಿನದಲ್ಲಿ ಹೋಗಿಬರುವ ದೂರದಲ್ಲಿವೆ. ಬೇಕಲ ಪುರಾತತ್ವ ಇಲಾಖೆಯ ಸುಪರ್ದಿಯಲ್ಲಿದೆ. ಈಸೆಲ್ ನಿಲ್ಲಿಸುವ ಮೊದಲು ಟಿಕೆಟ್ ಕೊಡುವಲ್ಲಿ ಕೇಳಿ, ಇಲ್ಲವೇ ಬೋರ್ಡನ್ನು ಮಡಿಲಲ್ಲಿಟ್ಟು ಬರೆಯಿರಿ. ದೇವಸ್ಥಾನಗಳಲ್ಲಿ ಆಡಳಿತದವರ ಒಪ್ಪಿಗೆ ಬೇಕು. ಕಡಲಗಾಳಿ ಎದ್ದ ಮೇಲೆ ವಾಶ್ ಎಳೆದು ಮುಗಿಸುವಷ್ಟರಲ್ಲಿ ಒಣಗುತ್ತದೆ, ಮಳೆಗಾಲದ ತದ್ವಿರುದ್ಧ. ಅಲ್ಲಿ ಕಾಗದದ ಹಿಂಬದಿಗೂ ನೀರು ಸವರಿ, ಸ್ಪ್ರೇ ಬಾಟಲಿ ಹತ್ತಿರ ಇರಲಿ. ಕಾಗದದ ಮೇಲೆ ನೇರ ಬಿಸಿಲು ಬೀಳಬಾರದು. ಬೆಳಕಿನ ಝಳಕ್ಕೆ ಬಣ್ಣ ತೆಳುವೆನಿಸಿ ಕಡು ಮಾಡುತ್ತಾ ಹೋಗುತ್ತೀರಿ, ಮನೆಗೆ ತಂದು ನೋಡಿದರೆ ಚಿತ್ರವೆಲ್ಲ ಮಂಕು.

ಇನ್ನು ನಿಮ್ಮ ಶನಿವಾರದ ತರಗತಿಯ ಮಾತು. ಮಕ್ಕಳ ಕೈಗೆ ಎರಡನೇ ನಂಬರಿನ ಸಣ್ಣ ಕುಂಚ ಕೊಟ್ಟರೆ ಅವರು ಕಾಗದವನ್ನು ತಿಕ್ಕುವುದನ್ನೇ ಕಲಿಯುತ್ತಾರೆ. ರೌಂಡ್ 8 ಒಂದು, 12 ಒಂದು ಸಾಕು. ಇಪ್ಪತ್ತನಾಲ್ಕು ಬಿಲ್ಲೆಗಳ ಡಬ್ಬಿಗಿಂತ ನಾಲ್ಕು ಟ್ಯೂಬ್ ಒಳ್ಳೆಯದು: ನಿಂಬೆಹಳದಿ, ಗುಲಾಬಿಗೆಂಪು, ಅಲ್ಟ್ರಾಮರೀನ್, ಬರ್ನ್ಟ್ ಸಿಯೆನ್ನಾ. ಅಗ್ಗದ ಬಿಲ್ಲೆಗಳಲ್ಲಿ ಸುಣ್ಣದಂಥ ತುಂಬುಪುಡಿ ಇರುವುದರಿಂದ ಮಗು ಎಷ್ಟು ಸರಿ ಮಾಡಿದರೂ ವಾಶ್ ಮಬ್ಬಾಗುತ್ತದೆ, ತಪ್ಪು ತನ್ನದೆಂದು ತಿಳಿಯುತ್ತದೆ. ಕಾಗದ 200 ಜಿಎಸ್‌ಎಮ್‌ನ ಎ4.

ಮೊದಲ ತಿಂಗಳು ಚಿತ್ರ ಬರೆಸಬೇಡಿ ಎಂದರೆ ಮನೆಯವರು ಗೊಣಗಾರು, ಆದರೂ ವಾಶ್ ಬಾರದೆ ಮುಂದೆ ಹೋಗಬೇಡಿ. ಬಟಾಣಿ ಗಾತ್ರದ ಬಣ್ಣಕ್ಕೆ ಮೂರು ಚಮಚ ನೀರು, ಬೋರ್ಡಿನ ಹಿಂದೆ ಎರಡು ಪುಸ್ತಕ ಇಟ್ಟಷ್ಟು ಓರೆ. ಗೀಟಿನ ಕೆಳಗಂಚಿನಲ್ಲಿ ನೀರಿನ ಮಣಿ ಉರುಳಿಕೊಂಡಿರಬೇಕು. ಮುಂದಿನ ಗೀಟು ಆ ಮಣಿಯನ್ನು ಮುಟ್ಟಿಕೊಂಡೇ ಸಾಗಬೇಕು. ಪಟ್ಟೆ ಬಿದ್ದರೆ ಮಣಿ ಮಧ್ಯದಲ್ಲಿ ಒಣಗಿದೆ, ಅಂದರೆ ಕುಂಚದಲ್ಲಿ ನೀರು ಸಾಲದು. ಕೊನೆಯಲ್ಲಿ ಉಳಿದ ಮಣಿಯನ್ನು ಹಿಂಡಿದ ಕುಂಚದಿಂದ ಎತ್ತಿಬಿಡಬೇಕು. ಇದನ್ನು ಹೇಳುವಾಗ ಮಗುವಿನ ಹಾಳೆಯ ಮೇಲೆ ನಿಮ್ಮ ಕುಂಚ ಇಳಿಸಬೇಡಿ. ಪಕ್ಕದಲ್ಲಿ ಒಂದು ತುಂಡು ಕಾಗದದಲ್ಲಿ ಮಾಡಿ ತೋರಿಸಿ. ತಿದ್ದಿಕೊಟ್ಟ ಚಿತ್ರ ಗೋಡೆಗೆ ಚಂದ, ಮಗು ಕಲಿತದ್ದು ಸೊನ್ನೆ.

ಎರಡು ಗಂಟೆಯ ತರಗತಿಯನ್ನು ಮಳೆಗಾಲ ತಿನ್ನುವುದು ಒಣಗಲು ಕಾಯುವುದರಲ್ಲಿ. ಹನ್ನೆರಡು ಮಕ್ಕಳಿಗೆ ಒಂದು ಡ್ರೈಯರ್ ಇಟ್ಟರೆ ಸಾಲು ನಿಲ್ಲುತ್ತಾರೆ, ಕರೆಂಟೂ ಹೋಗಿರುತ್ತದೆ. ಪ್ರತಿ ಮಗುವಿಗೆ ಎರಡು ಹಾಳೆ ಕೊಟ್ಟು ಒಂದು ಒಣಗುವಾಗ ಇನ್ನೊಂದರಲ್ಲಿ ಪೆನ್ಸಿಲ್ ಕೆಲಸ ಮಾಡಿಸಿ. ಶಾಲಾ ಕಲೋತ್ಸವದ ಜಲವರ್ಣ ಸ್ಪರ್ಧೆಗೆ ಹೋಗುವ ಮಕ್ಕಳಿದ್ದರೆ ಅವರಿಗೆ ಬೇರೆಯೇ ಅಭ್ಯಾಸ ಬೇಕು: ವಿಷಯ ಅಲ್ಲೇ ತಿಳಿಯುವುದರಿಂದ ಮೊದಲ ಹತ್ತು ನಿಮಿಷದಲ್ಲಿ ಬೆಂಕಿಪೊಟ್ಟಣದ ಗಾತ್ರದ ಮೂರು ಕರಡು ಮಾಡಿ ಒಂದನ್ನು ಆರಿಸಲು ಕಲಿಸಿ, ತೆಳು ಡ್ರಾಯಿಂಗ್ ಕಾಗದದಲ್ಲಿ ಕಡಿಮೆ ನೀರಿನಿಂದ ಮುಗಿಸಲೂ ಕಲಿಸಿ.

ಈಗ ಡಿಸೆಂಬರಿನ ಪ್ರದರ್ಶನದ ಮಾತು. ತಿಂಗಳನ್ನು ಸರಿಯಾಗಿಯೇ ಆರಿಸಿದ್ದೀರಿ. ಫ್ರೇಮಿನೊಳಗೆ ಯಾವ ಹವೆಯನ್ನು ಮುಚ್ಚುತ್ತೀರೋ ಅದು ಅಲ್ಲೇ ಉಳಿಯುತ್ತದೆ. ನಿಮ್ಮ ಎರಡು ಚಿತ್ರಗಳಿಗೆ ಫ್ರೇಮ್ ಹಾಕಿಸಿದ್ದು ಮಳೆಗಾಲದಲ್ಲಿಯೇ ಎಂದು ತೋರುತ್ತದೆ. ಗಾಳಿಯ ತೇವ ಅಳೆಯುವ ಸಣ್ಣ ಡಿಜಿಟಲ್ ಹೈಗ್ರೋಮೀಟರ್ ಒಂದು ಕೊಳ್ಳಿ. ತೇವಾಂಶ ಶೇ. 65ರ ಕೆಳಗಿದ್ದ ಮಧ್ಯಾಹ್ನ ಮಾತ್ರ ಚಿತ್ರ ಮುಚ್ಚಬೇಕು, ನಮ್ಮಲ್ಲಿ ಅಂಥ ದಿನಗಳು ನವೆಂಬರ್ ಕೊನೆಯ ನಂತರ ಹೆಚ್ಚು ಸಿಗುತ್ತವೆ. ಹಾಗಾಗಿ ಪ್ರದರ್ಶನ ಕ್ರಿಸ್ಮಸ್ ರಜೆಗೆ ಇರಲಿ, ಡಿಸೆಂಬರ್ ಮೊದಲ ವಾರಕ್ಕೆ ಬೇಡ.

ಫ್ರೇಮಿನವರಿಗೆ ಬಾಯಲ್ಲಿ ಹೇಳಿದರೆ ಸಾಲದು, ಬರೆದು ಕೊಡಿ. ಚಿತ್ರ ಗಾಜಿಗೆ ತಾಗಬಾರದು, ನಡುವೆ ಆಮ್ಲವಿಲ್ಲದ ಮೌಂಟ್ ಬೋರ್ಡ್. 15×22 ಇಂಚಿನ ಹಾಫ್ ಶೀಟ್‌ಗೆ ಮೌಂಟಿನ ಕಿಟಕಿ 14½×21½, ಹೊರ ಅಳತೆ 21×28. ಚಿತ್ರವನ್ನು ಮೇಲಂಚಿನಲ್ಲಿ ಎರಡು ಕಡೆ ಮಾತ್ರ, ತೆಳು ಜಪಾನಿ ಕಾಗದ ಮತ್ತು ಗೋಧಿ ಗಂಜಿಯ ಅಂಟಿನಿಂದ ತೂಗಿಸಬೇಕು. ನಾಲ್ಕೂ ಬದಿ ಅಂಟಿಸಿದರೆ ಮಳೆಗಾಲದಲ್ಲಿ ಹಿಗ್ಗಿದ ಕಾಗದಕ್ಕೆ ಹೋಗಲು ಜಾಗವಿಲ್ಲದೆ ಅಲೆಅಲೆಯಾಗುತ್ತದೆ. ಸೆಲ್ಲೋಟೇಪ್ ಬೇಡವೇ ಬೇಡ. ಹಾರ್ಡ್‌ಬೋರ್ಡ್ ನೇರ ಚಿತ್ರದ ಬೆನ್ನಿಗೆ ಬಾರದಂತೆ ನಡುವೆ ಇನ್ನೊಂದು ಮೌಂಟ್ ಬೋರ್ಡ್ ಇರಲಿ. ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ಕಾರ್ಕಿನ ಗುಂಡಿ ಅಂಟಿಸಿದರೆ ಗೋಡೆಗೂ ಫ್ರೇಮಿಗೂ ನಡುವೆ ಗಾಳಿಯಾಡುತ್ತದೆ. ಕೊಂಡವರಿಗೂ ಹೊರಗೋಡೆಗೆ ತೂಗಬೇಡಿ ಎಂದು ಹೇಳಿ ಕಳಿಸಿ.

ಇಪ್ಪತ್ತು ಚಿತ್ರ ಎಂದು ಹಟ ಹಿಡಿಯುವ ಮೊದಲು ಹಾಲ್ ಅಳೆಯಿರಿ. 28 ಇಂಚು ಅಗಲದ ಫ್ರೇಮ್, ನಡುವೆ 12 ಇಂಚು ಬಿಡುವು, ಒಟ್ಟು 40. ಇಪ್ಪತ್ತಕ್ಕೆ 800 ಇಂಚು, ಸುಮಾರು 67 ಅಡಿ ಗೋಡೆ. ಕಿಟಕಿ ಬಾಗಿಲು ಕಳೆದರೆ ಸಣ್ಣ ಹಾಲ್‌ನಲ್ಲಿ ಅಷ್ಟು ಸಿಗದು. ಎರಡು ಸಾಲು ತೂಗುವುದಕ್ಕಿಂತ ಹದಿನಾಲ್ಕು ಚಿತ್ರ ಲೇಸು. ಚಿತ್ರದ ನಡುಮಧ್ಯ ನೆಲದಿಂದ 58 ಇಂಚು ಎತ್ತರದಲ್ಲಿ ಬರಲಿ. ಕಾಞಂಗಾಡಿನಲ್ಲಿ ಕೇರಳ ಲಲಿತಕಲಾ ಅಕಾಡೆಮಿಯ ಗ್ಯಾಲರಿ ಇದೆ, ಅರ್ಜಿ ತಿಂಗಳುಗಳ ಮೊದಲೇ ಹಾಕಬೇಕು. ಮಂಗಳೂರು ನಿಮಗೆ ದೂರವಲ್ಲ, ಅಲ್ಲಿನ ಗ್ಯಾಲರಿಗಳನ್ನೂ ಕೇಳಬಹುದು. ಆದರೂ ಮೊದಲ ಪ್ರದರ್ಶನಕ್ಕೆ ಊರಿನ ವಾಚನಾಲಯ ಅಥವಾ ಶಾಲಾ ಹಾಲೇ ಸಾಕು ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಬರುವವರಿಗೆ ನೀವು ಬರೆದ ಪದವು, ಕಟ್ಟ, ತೋಟ ಯಾವುದೆಂದು ಗೊತ್ತಿರುತ್ತದೆ, ಕೊಳ್ಳುವವರು ಅವರಲ್ಲೇ ಹುಟ್ಟುತ್ತಾರೆ. ಹೆಸರುಪಟ್ಟಿ ಕನ್ನಡ, ಮಲಯಾಳ ಎರಡರಲ್ಲೂ ಇರಲಿ. ಒಂದೇ ಭಾಷೆಯಲ್ಲಿ ಹಾಕಿ ಅರ್ಧ ಊರನ್ನು ಬಾಗಿಲಲ್ಲೇ ನಿಲ್ಲಿಸುವುದೇಕೆ?

ಬೆಲೆಯನ್ನು ಚದರ ಇಂಚಿನ ಮೇಲೆ ಕಟ್ಟಿ. ಹಾಫ್ ಶೀಟ್ 330 ಚದರ ಇಂಚು. ಇಂಚಿಗೆ ₹12 ಎಂದಿಟ್ಟುಕೊಂಡರೆ ₹3,960, ನಾಲ್ಕು ಸಾವಿರ ಎನ್ನಿ. ಫ್ರೇಮಿಗೆ ₹1,500 ಸೇರಿದರೆ ₹5,500. ಗ್ಯಾಲರಿ ಶೇ. 30 ಕಮಿಷನ್ ಹಿಡಿಯುತ್ತದೆಂದರೆ ಹಲವರು ಇದಕ್ಕೇ ಶೇ. 30 ಕೂಡಿಸಿ ₹7,150 ಬರೆಯುತ್ತಾರೆ. ಕಮಿಷನ್ ಹೋಗಿ ಕೈಗೆ ಬರುವುದು ₹5,005. ಸರಿಯಾದ ಲೆಕ್ಕ 5,500ನ್ನು 0.7ರಿಂದ ಭಾಗಿಸುವುದು, ಸುಮಾರು ₹7,900. ಗ್ಯಾಲರಿಯಲ್ಲಿ ಒಂದು ಬೆಲೆ, ಮನೆಗೆ ಬಂದವರಿಗೆ ಇನ್ನೊಂದು ಬೆಲೆ ಮಾಡಬೇಡಿ. ಸಣ್ಣ ಊರು, ಸಂಜೆಯೊಳಗೆ ಎಲ್ಲರಿಗೂ ತಿಳಿಯುತ್ತದೆ. ಸಾಗಿಸುವಾಗ ಗಾಜಿನ ಮೇಲೆ ಮಾಸ್ಕಿಂಗ್ ಟೇಪನ್ನು ಅಡ್ಡಡ್ಡ ಅಂಟಿಸಿ, ಒಡೆದರೂ ಚೂರು ಚಿತ್ರವನ್ನು ಸೀಳದು. ಫ್ರೇಮ್‌ಗಳನ್ನು ಮುಖಕ್ಕೆ ಮುಖ, ಬೆನ್ನಿಗೆ ಬೆನ್ನು ಮಾಡಿ ನಿಲ್ಲಿಸಿಯೇ ಒಯ್ಯಿರಿ, ಮಲಗಿಸಬೇಡಿ.

ಬೂಷ್ಟು ಹಿಡಿದ ಆ ಎರಡು ಚಿತ್ರಗಳನ್ನು ಈಗ ಬಿಚ್ಚಬೇಡಿ, ಬೇರೆ ಕಾಗದಗಳಿಂದ ದೂರ ಇಡಿ. ಒಣದಿನ ಬಂದಾಗ ಅಂಗಳದಲ್ಲಿ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು ತೆರೆಯಿರಿ. ಗಾಳಿಯಾಡುವ ನೆರಳಿನಲ್ಲಿ ಎರಡು ದಿನ ಒಣಗಲಿ. ಬಿಸಿಲಿಗೆ ಹಿಡಿದರೆ ಬೂಷ್ಟಿನ ಜೊತೆ ಬಣ್ಣವೂ ಹೋಗುತ್ತದೆ. ಬೂಷ್ಟು ಪುಡಿಯಾದ ಮೇಲೆ ಮೆತ್ತನೆಯ ಒಣಕುಂಚದಿಂದ ಚಿತ್ರದ ಹೊರಬದಿಗೆ ಗುಡಿಸಿ. ಒದ್ದೆ ಬಟ್ಟೆ, ಹತ್ತಿ, ರಬ್ಬರ್ ಯಾವುದೂ ಬೇಡ, ಒರೆಸಿದರೆ ಅದು ನೂಲಿನೊಳಗೆ ಇಳಿಯುತ್ತದೆ. ಕಂದುಚುಕ್ಕಿ ಉಳಿದರೆ ಉಳಿಯಲಿ, ಬ್ಲೀಚ್ ಹಚ್ಚಿ ತೆಗೆಯುವ ಕೆಲಸ ಮನೆಯದಲ್ಲ. ಹಳೆಯ ಮೌಂಟ್, ಹಿಂಬೋರ್ಡ್ ಎರಡನ್ನೂ ಸುಟ್ಟುಹಾಕಿ. ಗಾಜನ್ನೂ ಮರದ ಫ್ರೇಮಿನ ಒಳಗಾಡಿಯನ್ನೂ ಸ್ಪಿರಿಟ್‌ನಲ್ಲಿ ಒರೆಸಿ, ಒಂದು ದಿನ ಬಿಸಿಲಿಗಿಟ್ಟು ಆಮೇಲೆ ಬಳಸಬಹುದು.